ಟ್ರಾಲಿ ದಾರಿಯಲ್ಲಿ ನಾವಿಬ್ಬರು

ಅತ್ತಿ,

ನಿಮ್ಮ ಶಾಂತಾಳ ಶರಣು. ‘ತೀರ್ಥರೂಪ ಸಮಾನರಾದ’ ಎಂದು ಶುರು ಮಾಡಿದ್ದೆ, ಹೊಡೆದುಹಾಕಿದೆ. ಇಳಕಲ್ಲಿನಿಂದ ನಮ್ಮಪ್ಪನ ಪತ್ರ ಬಂದಾಗಲೆಲ್ಲ ನಾನು ಆ ಸಾಲು ಓದಲು ಬಾಯಿ ತೆರೆದರೆ ಸಾಕು, "ಅದನ್ನ ಬಿಡು, ಮುಂದ ಏನ ಬರದಾರ ಅದನ್ನ ಓದು" ಎನ್ನುತ್ತಿದ್ದಿರಿ. ನಿಮಗೆ ಅಕ್ಷರ ಬರುತ್ತಿರಲಿಲ್ಲ, ಮನೆಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಇದನ್ನೂ ನಾನೇ ಓದಿ ಹೇಳಿದರಾಯಿತು. ಮುಂದೆ ಏನಿದೆ ಎಂದರೆ ಒಂದು ಸುದ್ದಿ ಇದೆ. ಒಮ್ಮೆಗೇ ಹೇಳಲು ನಾಲಗೆ ಏಳುತ್ತಿಲ್ಲ, ಅದಕ್ಕೇ ಸ್ವಲ್ಪ ಹಿಂದಿನಿಂದ ಬರುತ್ತೇನೆ. ನೀವು ಸಾವಕಾಶ ಕೇಳಿರಿ.

ನಮ್ಮಪ್ಪ ನನ್ನನ್ನು ಕರೆದೊಯ್ಯಲು ಬಂದ ದಿನ ನೀವು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಿರಿ. ನಿಮ್ಮ ಮಗ ಖಣಿಯಲ್ಲಿ ತೀರಿಕೊಂಡು ಮೂರನೆಯ ವರ್ಷ ಅದು. ನನಗೆ ಮಕ್ಕಳಿರಲಿಲ್ಲ, ನಿಮಗೆ ಇನ್ನೊಬ್ಬ ಮಗನಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ, ಜೊತೆಗೆ ಒಂದು ಎಮ್ಮೆ. ಅಪ್ಪ ಮಗ್ಗದ ಮುಂದೆ ಕೂತು ಕೂತು ಮೆಲ್ಲಗೆ ಮಾತಾಡುವುದನ್ನು ರೂಢಿ ಮಾಡಿಕೊಂಡವರು. "ಕರಕೊಂಡು ಹೋಗ್ತೇನ್ರಿ ಬೀಗತಿ," ಎಂದರು. "ಅಲ್ಲಿ ಮಗ್ಗ ಐತಿ, ಅಣ್ಣತಮ್ಮರು ಅದಾರ. ಇಲ್ಲಿದ್ದು ಏನ ಮಾಡತಾಳ?" ನೀವು ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. "ಆಕೀಗೆ ಬಾಯಿ ಐತ್ರಿ, ಆಕೀನ್ನ ಕೇಳ್ರಿ" ಎಂದಿರಿ.

ಆವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಅತ್ತಿ. ಮದುವೆ ಗೊತ್ತು ಮಾಡುವಾಗ ಕೇಳಿರಲಿಲ್ಲ, ಗಂಡ ಸತ್ತ ದಿನ ಬಳೆ ಒಡೆಯುವಾಗ ಕೇಳಿರಲಿಲ್ಲ. ಅಪ್ಪ ನನ್ನ ಕಡೆ ತಿರುಗಿದರು. "ಸಾಲಿ ನೌಕರಿ ಬಂದೈತಪ್ಪಾ, ನಾ ಇಲ್ಲೇ ಇರ್ತೇನಿ" ಎಂದೆ. ಮದುವೆಗೆ ಮುಂಚೆ ಮಾಡಿದ್ದ ಮಾಸ್ತರಿಕೆಯ ಟ್ರೇನಿಂಗು ಆಗ ಕೈಹಿಡಿದಿತ್ತು. ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಊಟ ಮಾಡಿ, ನೀವು ಕಟ್ಟಿಕೊಟ್ಟ ಶೇಂಗಾ ಚೀಲ ಹೆಗಲಿಗೇರಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಟರು. ಅವರು ಓಣಿಯ ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದ ನೀವು ಒಳಗೆ ಬಂದು ಕೇಳಿದ್ದು ಒಂದೇ ಮಾತು: "ಸಾಲಿ ಯಾವ ಊರಾಗ ಐತಿ?"

ನಾನು ಊರ ಹೆಸರು ಹೇಳಿದಾಗ ನೀವು ಗೋಡೆಗೆ ಆತು ಕೂತುಬಿಟ್ಟಿರಿ. ಆ ಊರು ಕಣಿವೆಯ ಆಚೆ, ಹೊಳೆಯ ದಂಡೆಗೆ, ಪಟ್ಟದಕಲ್ಲಿನ ಕಡೆಗೆ. ಬಸ್ಸಿನಲ್ಲಿ ಹೋಗಬೇಕೆಂದರೆ ಮೊದಲು ಕುಳಗೇರಿ ಕ್ರಾಸಿಗೆ ಹೋಗಬೇಕು, ಅಲ್ಲಿಂದ ಬಾದಾಮಿ, ಬಾದಾಮಿಯಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕು, ಇಳಿದ ಮೇಲೆ ಮತ್ತೆ ನಡಿಗೆ. ಶಾಲೆ ಮುಟ್ಟುವಷ್ಟರಲ್ಲಿ ಮಕ್ಕಳು ಊಟಕ್ಕೆ ಬಿಟ್ಟಿರುತ್ತಾರೆ. ನೆಟ್ಟಗೆ ಹೋಗುವ ದಾರಿ ಒಂದೇ, ಊರ ಹಿಂದಿನ ಎರಡು ಗುಡ್ಡಗಳ ನಡುವಿನ ಕಣಿವೆ. ಆ ಕಣಿವೆಯ ತಲೆಯಲ್ಲೇ ಖಣಿ. ಒಂದು ಕಾಲಕ್ಕೆ ಇಡೀ ಊರು ಅಲ್ಲಿ ಕಲ್ಲು ಒಡೆಯುತ್ತಿತ್ತು, ಸುಣ್ಣದ ಭಟ್ಟಿಗಳು ಹಗಲಿಡೀ ಹೊಗೆ ಉಗುಳುತ್ತಿದ್ದವು, ಕಂಬಿಯ ಮೇಲೆ ಟ್ರಾಲಿಗಳು ಕಲ್ಲು ತುಂಬಿಕೊಂಡು ಹೊಳೆಯ ಕಡೆಗೆ ಇಳಿಯುತ್ತಿದ್ದವು. ಆಮೇಲೆ ಆ ಮಳೆಗಾಲ ಬಂತು. ತೋಯ್ದ ಬಂಡೆಯೊಂದು ಜಾರಿತು. ನಿಮ್ಮ ಮಗ ಅದರ ಕೆಳಗೆ… ಮರುವರ್ಷವೇ ಕಲ್ಲಿನ ಪದರು ಮುಗಿಯಿತೆಂದು ಖಣಿ ಮುಚ್ಚಿತು, ಕಂಬಿ ಕಿತ್ತುಕೊಂಡು ಹೋದರು. ದುಡಿಯುವವರು ಬೇರೆ ಕೆಲಸ ಹುಡುಕಿಕೊಂಡರು. ನಾವಿಬ್ಬರೂ ಕಟ್ಟಿಗೆಗೆ ಕೂಡ ಆ ಕಡೆ ಹೋಗಿರಲಿಲ್ಲ.

ಒಂದು ಮುಂಜಾನೆ ಎಮ್ಮೆ ಹಿಂಡಿ ಬಂದವರೇ, "ನಡಿ, ನೋಡಿ ಬರೂಣು" ಎಂದಿರಿ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಖಣಿಯ ಹೊಂಡ ಬರುವ ಮುಂಚೆ ಇಬ್ಬರ ಹೆಜ್ಜೆಯೂ ನಿಧಾನವಾಯಿತು. ನೀವು ಸೆರಗನ್ನು ಆ ಬದಿಗೆ ಎಳೆದುಕೊಂಡು, ಹೊಂಡದ ಕಡೆ ನೋಡದೆ ದಾಟಿದಿರಿ. ನಾನು ನಿಮ್ಮ ಹಿಮ್ಮಡಿಯನ್ನೇ ನೋಡುತ್ತ ದಾಟಿದೆ. ಆಚೆ ಟ್ರಾಲಿ ದಾರಿ ಶುರುವಾಗುವಲ್ಲಿ ನಾನು ನಿಂತುಬಿಟ್ಟೆ. "ನನಗ ಆಗೂದಿಲ್ರಿ ಅತ್ತಿ. ದಿನಾ ಇಲ್ಲಿಂದ ಹೆಂಗ ಹೋಗಲಿ?" ಎಂದೆ. ನೀವು ತಿರುಗಿ ನನ್ನ ಮುಖ ನೋಡಿದಿರಿ. ನಿಮ್ಮ ಕಣ್ಣಲ್ಲೂ ನೀರಿತ್ತು. ಆದರೂ ಕಾಲಿನಿಂದ ಆ ದಾರಿಯನ್ನು ಒಮ್ಮೆ ತುಳಿದು ಹೇಳಿದಿರಿ, "ಈ ದಾರಿ ನಮಗ ಏನ ಮಾಡೈತಿ, ಶಾಂತಾ? ದಾರಿ ಮ್ಯಾಲ ಯಾಕ ಸಿಟ್ಟು?"

ಸೈಕಲ್ಲನ್ನು ನೀವು ದನದ ಕೊಟ್ಟಿಗೆಯ ಜಂತಿಯಿಂದ ಇಳಿಸಿದಾಗ ನಾನು ಮನೆಯಲ್ಲಿರಲಿಲ್ಲ. ಬಾವಿಯಿಂದ ಕೊಡ ಹೊತ್ತು ಬಂದರೆ ಅಂಗಳದಲ್ಲಿ ನಿಮ್ಮ ಮಗನ ಕರಿಯ ಸೈಕಲ್ಲು ನಿಂತಿದೆ, ನೀವು ಸರಪಳಿಗೆ ಕುಸುಬಿ ಎಣ್ಣೆ ಹಚ್ಚುತ್ತಿದ್ದೀರಿ. ಅವರು ತೀರಿಕೊಂಡ ವಾರವೇ ಅದನ್ನು ಮೇಲೆ ಕಟ್ಟಿಸಿದ್ದವರೂ ನೀವೇ ಅಲ್ಲವೇ? ನಿಮ್ಮೊಳಗೆ ಏನು ನಡೆದಿತ್ತೋ, ನಾನು ಕೇಳಲಿಲ್ಲ. "ಗಂಡಸರ ಸೈಕಲ್ಲರಿ ಇದು, ಅಡ್ಡ ಡಂಡಿ ಐತಿ," ಎಂದೆ. "ಡಂಡಿ ಇದ್ರ ಇರಲಿ. ಹೊಲದಾಗ ಕಳೇ ತಗಿಯಾಗ ಕಚ್ಚಿ ಹಾಕ್ತಿಯಲ್ಲ, ಹಂಗ ಹಾಕು," ಎಂದಿರಿ. ನನಗೆ ನಗು ಬಂತು. ಆ ಅಂಗಳದಲ್ಲಿ ಬಹಳ ದಿನದ ಮೇಲೆ ಬಂದ ನಗು.

ಕಲಿಯಲು ನೀವು ಆರಿಸಿದ್ದು ಟ್ರಾಲಿ ದಾರಿಯನ್ನೇ, ಊರವರ ಕಣ್ಣು ಅಲ್ಲಿಗೆ ಬೀಳುವುದಿಲ್ಲವೆಂದು. ಕಂಬಿ ಕಿತ್ತಿದ್ದರೂ ಕಟ್ಟಿಗೆಯ ಸ್ಲೀಪರುಗಳು ಕೂತಿದ್ದ ತಗ್ಗುಗಳು ಹಾಗೇ ಇದ್ದವು, ಸೈಕಲ್ಲು ಹತ್ತಿದರೆ ಹಲ್ಲು ಕಟಕಟ ಎನ್ನುತ್ತಿದ್ದವು. ನೀವು ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದಿರಿ, ಬರಿಗಾಲಲ್ಲಿ, ಏದುಸಿರು ಬಿಡುತ್ತ. "ಗಾಲಿ ನೋಡಬ್ಯಾಡ. ಮುಂದ ನೋಡು. ಮುಂದ ನೋಡು ಅಂದ್ರ…" ಎನ್ನುವಷ್ಟರಲ್ಲಿ ನಾನು ಕಾರೀ ಕಂಟಿಯೊಳಗೆ ಬಿದ್ದಿರುತ್ತಿದ್ದೆ. ಸಂಜೆ ನನ್ನ ಮೊಣಕೈಯಿಂದ ಮುಳ್ಳು ತೆಗೆಯುತ್ತ ನೀವು ಬೈಯುತ್ತಿದ್ದದ್ದು ನನ್ನನ್ನಲ್ಲ, ಕಂಟಿಯನ್ನು. ಆಮೇಲೆ ಒಂದು ದಿನ ಹಿಂದಿನಿಂದ ಏದುಸಿರು ಕೇಳಿಸಲಿಲ್ಲ. ತಿರುಗಿ ನೋಡಿದರೆ ನೀವು ಬಹಳ ಹಿಂದೆ, ಬನ್ನಿ ಗಿಡದ ನೆರಳಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಿರಿ. ನೋಡಿದ ಕೂಡಲೇ ಬಿದ್ದೆ, ಅದು ಬೇರೆ ಮಾತು.

ಊರ ಕಟ್ಟೆಯ ಮೇಲೆ ಮಾತಾಗದೆ ಇರುತ್ತದೆಯೇ? ಒಂದು ಮುಂಜಾನೆ ಹಿರಿಯರಾದ ಚನ್ನಪ್ಪ ಕಾಕಾ ಮನೆಗೇ ಬಂದರು. ಕೆಟ್ಟ ಮನುಷ್ಯರಲ್ಲ, ನಿಮಗೂ ಗೊತ್ತು. ಬಾಗಿಲಲ್ಲೇ ನಿಂತು, "ಗಂಗವ್ವಾ, ಮಂದಿ ಆಡಿಕೊಳ್ಳಾಕತ್ತಾರ. ಗಂಡ ಇಲ್ಲದ ಹೆಣಮಗಳು, ಸೈಕಲ್ಲ ಮ್ಯಾಲ, ಅದೂ ಆ ಖಣಿ ಹಾದೀಲೆ. ಚೊಲೊ ಕಾಣತೈತೇನು?" ಎಂದರು. ನಾನು ಒಳಗೆ ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ನೀವು ಅವರಿಗೆ ಒಂದು ಬಟ್ಟಲು ಮಜ್ಜಿಗೆ ತಂದುಕೊಟ್ಟು ನೆಲದ ಮೇಲೆ ಕೂತಿರಿ. "ಕಾಕಾ, ಆಕಿ ಹೆಂಗ ಕಾಣತಾಳ ಅಂತ ನೋಡಾಕ ನಾ ಸೈಕಲ್ಲ ಕೊಟ್ಟಿಲ್ರಿ. ಆ ಊರಾಗ ಹುಡಿಗ್ಯಾರು ಕುಂತಾರ, ಆಕಿ ಹೋಗಿ ಕಲಿಸಬೇಕು. ನಡಕೊಂಡು ಹೋದ್ರ ಹೊತ್ತಾಗತೈತಿ. ನೀವು ಬೇಕಾದ್ರ ದಿನಾ ಚಕ್ಕಡಿ ಹೂಡ್ರಿ, ಚಕ್ಕಡ್ಯಾಗ ಹೋಗ್ತಾಳ." ಕಾಕಾ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು. ಹೋಗುವಾಗ, "ಇಳಿಜಾರಿನ್ಯಾಗ ಬ್ರೇಕ್ ಹಿಡದು ಹೋಗಾಕ ಹೇಳು" ಎಂದು ಹೋದರು.

ಶಾಲೆಗೆ ಮೊದಲ ಸಲ ಒಬ್ಬಳೇ ಹೋದ ದಿನ ಇಂದಿಗೂ ಕಣ್ಣ ಮುಂದಿದೆ. ಹೊಂಡ ದಾಟುವವರೆಗೆ ಸೈಕಲ್ಲನ್ನು ನೂಕಿಕೊಂಡು ನಡೆದೆ, ಆಮೇಲೆ ಹತ್ತಿದೆ. ಕಲ್ಲು ತುಂಬಿದ ಟ್ರಾಲಿ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಖಾಲಿ ಟ್ರಾಲಿಯನ್ನು ಆಳುಗಳು ಮೇಲಕ್ಕೆ ನೂಕಬೇಕು. ಅದಕ್ಕೆಂದೇ ಆ ಇಳಿಜಾರನ್ನು ಅಷ್ಟು ಹದವಾಗಿ ಕಟ್ಟಿದ್ದರಲ್ಲವೇ. ಪೆಡಲ್ ತುಳಿಯುವ ಕೆಲಸವೇ ಇಲ್ಲ, ಹೆದರುವಷ್ಟು ಓಟವೂ ಇಲ್ಲ. ಗುಡ್ಡ ಕೊರೆದು ಮಾಡಿದ ಸಂದಿಯಲ್ಲಿ ತಂಪು ಗಾಳಿ, ಆಮೇಲೆ ಒಮ್ಮೆಗೇ ಬಯಲು, ಎರಡೂ ಬದಿಗೆ ಸೀತಾಫಲದ ಗಿಡಗಳು. ಆರಿಹೋದ ಭಟ್ಟಿಗಳ ಬಾಯಿಂದ ಪಾರಿವಾಳಗಳು ಹಾರಿದವು. ಹಿಂದೆ ಸುಣ್ಣದ ಧೂಳಿನಲ್ಲಿ ಬೆಳ್ಳಗಿದ್ದ ನೆಲದಲ್ಲೆಲ್ಲ ಹುಲ್ಲು. ಹಳ್ಳದ ಮೇಲಿನ ಸಣ್ಣ ಕಲ್ಲುಸೇತುವೆ ದಾಟಿ ಕೊನೆಯ ತಿರುವು ಹೊರಳಿದರೆ ದೂರದಲ್ಲಿ ಮಲಪ್ರಭೆ. ಅಲ್ಲಿ ನಾನು ನಕ್ಕೆ, ಅತ್ತಿ. ಯಾರೂ ಇರಲಿಲ್ಲ, ನಗುವಂಥದ್ದೇನೂ ಆಗಿರಲಿಲ್ಲ. ಗಾಳಿ ಸೆರಗನ್ನು ಎತ್ತಿ ಹಿಡಿದಿತ್ತು, ನಾನು ದನಿ ಬಿಟ್ಟು ನಕ್ಕೆ. ನಗು ನಿಂತ ಮೇಲೆ, ಯಾವ ಕಣಿವೆಯಲ್ಲಿ ನಗುತ್ತಿದ್ದೇನೆ ಎಂಬುದು ನೆನಪಾಗಿ…

ಆ ಸಂಜೆ ರೊಟ್ಟಿ ಮುರಿಯುತ್ತ ಕೂತಿದ್ದ ನನ್ನನ್ನು ನೀವು ಕೇಳಿದಿರಿ, "ಯಾಕ, ಮಕ್ಕಳು ಮಾತ ಕೇಳಲಿಲ್ಲೇನು?" ನಾನು ನಡೆದದ್ದನ್ನು ಹೇಳಿ ಅತ್ತುಬಿಟ್ಟೆ. ಅವರು ಹೋದ ಜಾಗದಲ್ಲಿ ಹೀಗೆ ನಗಬಹುದೇ ಎಂದೆ. ನೀವು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಿರಿ. ಆಮೇಲೆ ನನಗೆ ಯಾರೂ ಹೇಳಿರದ ಒಂದು ಸಂಗತಿ ಹೇಳಿದಿರಿ. ನೀವು ಬುತ್ತಿ ಒಯ್ಯುತ್ತಿದ್ದ ಕಾಲದಲ್ಲಿ ಅವರು ಟ್ರಾಲಿಯ ಹಿಂದೆ ಬ್ರೇಕಿನ ಕೋಲು ಹಿಡಿದು ನಿಂತು ಇಳಿಯುತ್ತಿದ್ದರಂತೆ. ಆ ಸಂದಿ ಹೊಕ್ಕಾಗ ಗುಡ್ಡವೆಲ್ಲ ಮಾರ್ದನಿಗೊಡುವಂತೆ ಕೂಗು ಹಾಕುತ್ತಿದ್ದರಂತೆ. "ಭಾಳ ಹುಡುಗಾಟಿಕೆ ಅಂವಂದು. ಕೆಳಗ ಭಟ್ಟಿ ಕಡೆ ನಿಂತ ನನಗ ಕೂಗು ಮೊದಲ ಕೇಳತಿತ್ತು, ಟ್ರಾಲಿ ಆಮ್ಯಾಲ ಕಾಣತಿತ್ತು," ಎಂದಿರಿ. "ಅಂವಾ ಸತ್ತದ್ದು ಒಂದ ದಿನ, ಶಾಂತಾ. ನಕ್ಕದ್ದು ದಿನಾ." ಎರಡು ವರ್ಷ ಸಂಸಾರ ಮಾಡಿದ ಗಂಡ ನನಗೆ ಆ ಸಂಜೆ ಇನ್ನಷ್ಟು ಗೊತ್ತಾದರು.

ಕ್ಯಾರಿಯರಿನ ಮೇಲೆ ಕೂರುತ್ತೇನೆಂದು ನೀವು ಹೇಳಿದ ಭಾನುವಾರ ನಾನು ಚಾಷ್ಟಿ ಎಂದುಕೊಂಡಿದ್ದೆ. ನೀವು ಆಗಲೇ ಬುತ್ತಿ ಕಟ್ಟಿದ್ದಿರಿ, ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. "ಏನ ಕೆಲಸ ಐತ್ರಿ ಆ ಕಡೆ?" ಎಂದರೆ, "ಏನೂ ಇಲ್ಲ. ಸುಮ್ಮನ ಹೋಗಿ ಬರೂಣು" ಎಂದಿರಿ. ನಮ್ಮ ಊರಲ್ಲಿ ಆವರೆಗೆ ಯಾವ ಹೆಂಗಸಾದರೂ ಸುಮ್ಮನೆ ಎಲ್ಲಿಗಾದರೂ ಹೋಗಿ ಬಂದಿದ್ದಳೇ? ಇಳಿಜಾರು ಬಂದಾಗ ನೀವು ನನ್ನ ಸೊಂಟವನ್ನು ಎರಡೂ ಕೈಯಿಂದ ಬಿಗಿಹಿಡಿದಿರಿ. "ಹಗರ್ಕ ನಡಿ, ಸಾವಕಾಶ ನಡಿ" ಎನ್ನುತ್ತಿದ್ದವರು ಸ್ವಲ್ಪ ದೂರ ಹೋದ ಮೇಲೆ ಆ ಮಾತು ನಿಲ್ಲಿಸಿದಿರಿ. ಕೆಳಗೆ ತಲುಪಿದಾಗ, "ಇನ್ನೊಮ್ಮೆ ಮ್ಯಾಲಿಂದ ಬರೂಣೇನು?" ಎಂದು ಕೇಳಿದಿರಿ. ನಾವು ಹೋದೆವು ಕೂಡ. ಮೇಲಕ್ಕೆ ಸೈಕಲ್ಲು ನೂಕುತ್ತ, ಕೆಳಕ್ಕೆ ಕೂತು, ಭಟ್ಟಿಯ ನೆರಳಲ್ಲಿ ಬುತ್ತಿ ಬಿಚ್ಚಿ, ಬಾಯೆಲ್ಲ ಅಂಟಾಗುವಂತೆ ಸೀತಾಫಲ ತಿಂದು.

ಮನೆಗೆ ಮರಳುವಾಗ ಹೊಂಡದ ಹತ್ತಿರ ನೀವು ನಿಲ್ಲಿಸು ಎಂದಿರಿ. ಇಳಿದು, ಅಂಚಿನವರೆಗೆ ಹೋಗಿ, ಮೊದಲ ಸಲ ಒಳಗೆ ನೋಡಿದಿರಿ. ಹೊಂಡದಲ್ಲಿ ಮಳೆಯ ನೀರು ನಿಂತಿತ್ತು. ಒಂದು ಬಿಳಿ ಕೊಕ್ಕರೆ ಕಲ್ಲಿನ ಮೇಲೆ ಒಂಟಿ ಕಾಲಲ್ಲಿ ನಿಂತಿತ್ತು. ನೀವು ಕೆಳಗೆ ಕೂತು, ಅವರ ಹೆಸರು ಹಿಡಿದು ಏನೇನೋ ಮಾತಾಡಿದಿರಿ. ನಾನು ಸೈಕಲ್ಲು ಹಿಡಿದು ದೂರವೇ ನಿಂತಿದ್ದೆ, ಅದು ತಾಯಿ ಮಗನ ಮಾತು. ಎದ್ದು ಬಂದಾಗ ನಿಮ್ಮ ಮುಖ ಹಗುರವಾಗಿತ್ತು. ಮರುದಿನದಿಂದ ನಾನೂ ಅಲ್ಲಿ ಇಳಿದು ನಡೆಯುವುದನ್ನು ಬಿಟ್ಟೆ.

ಹೊಳೆದಂಡೆಯ ಹುಡುಗಿಯರು ಕಣಿವೆ ಹತ್ತಿ ಬರಲು ಶುರು ಮಾಡಿದ ವರ್ಷ ನಿಮಗೆ ನೆನಪಿರಬೇಕು. ಏಳನೆಯ ಇಯತ್ತೆ ಮುಗಿದರೆ ಅವರ ಊರಲ್ಲಿ ಓದು ಮುಗಿದಂತೆ, ಹೈಸ್ಕೂಲು ಇದ್ದದ್ದು ನಮ್ಮ ಊರ ಮಗ್ಗುಲಲ್ಲಿ. ಅವರಪ್ಪಂದಿರು "ದೂರ ಆಗತೈತ್ರಿ ಅಕ್ಕಾರ" ಎಂದರೆ, ದಿನಾ ಸೈಕಲ್ಲಿನ ಮೇಲೆ ಬರುವ ನನ್ನ ಮುಂದೆ ಆ ಮಾತು ನಿಲ್ಲುತ್ತಿರಲಿಲ್ಲ. ಮೊದಲು ಇಬ್ಬರು ಬಂದರು, ಆಮೇಲೆ ಒಂದು ಗುಂಪೇ ಆಯಿತು. ಬೆಳಿಗ್ಗೆ ಅವರು ಮೇಲಕ್ಕೆ, ನಾನು ಕೆಳಕ್ಕೆ, ಸೇತುವೆಯ ಹತ್ತಿರ ಭೇಟಿ. ಕೆಲವರು ಅಣ್ಣಂದಿರ ಹಳೆಯ ಸೈಕಲ್ಲು ತಂದರು, ಒಂದರ ಮೇಲೆ ಮೂವರು. ನೀವು ಹಿತ್ತಲ ಕಡೆ ಕುಂಬಳಬಳ್ಳಿಯ ಹತ್ತಿರ ನಿಂತು ಅವರನ್ನು ಕಾಯುತ್ತಿದ್ದಿರಿ. ಯಾರು ಬಂದರು, ಯಾರು ಬರಲಿಲ್ಲ, ಬರದವಳಿಗೆ ಏನಾಯಿತು, ಎಲ್ಲ ನಿಮಗೆ ಗೊತ್ತಿರುತ್ತಿತ್ತು.

ಹಾರೆಯ ಸದ್ದು ಕೇಳಿದ ಮುಂಜಾನೆ ಮಂಜು ಇನ್ನೂ ಕರಗಿರಲಿಲ್ಲ. ಗುಡ್ಡ ಸುತ್ತಿ ಹೊಳೆದಂಡೆಗೆ ಹೊಸ ರಸ್ತೆ ಬರುತ್ತದೆಂದು ಕೇಳಿದ್ದೆವು, ಖುಷಿಯೂ ಪಟ್ಟಿದ್ದೆವು. ಅದಕ್ಕೆ ಕಲ್ಲು ಎಲ್ಲಿಂದ ಎಂದು ಯಾರೂ ಯೋಚಿಸಿರಲಿಲ್ಲ. ಸದ್ದು ಕೇಳಿ ದಿನಕ್ಕಿಂತ ಮುಂಚೆಯೇ ಹೊರಟು ನಾನು ಸೇತುವೆಗೆ ಬಂದರೆ ಆಳುಗಳು ಟ್ರಾಲಿ ದಾರಿಯ ಅಂಚಿಗೆ ಕಟ್ಟಿದ್ದ ಕಲ್ಲುಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ಆ ಕಲ್ಲು ಹೋದರೆ ಮೊದಲ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಹಳ್ಳ ದಾಟಲಾಗುವುದಿಲ್ಲ. "ಸಾಹೇಬ್ರು ಹೇಳ್ಯಾರ್ರಿ ಬಾಯಿ, ನಮ್ಮನ್ನ ಕೇಳಬ್ಯಾಡ್ರಿ" ಎಂದರು. ನಾನು ಸೈಕಲ್ಲು ತಿರುಗಿಸಿ ಮೇಲಕ್ಕೆ ತುಳಿದೆ. ಆ ಏರನ್ನು ಅಷ್ಟು ಜೋರಾಗಿ ಮತ್ತೆಂದೂ ಹತ್ತಿಲ್ಲ. ನೀವು ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಕ್ಯಾರಿಯರಿನ ಮೇಲೆ ಕೂತಿರಿ.

ರಸ್ತೆಯ ಗುತ್ತಿಗೆ ಹಿಡಿದಿದ್ದ ಕಂತ್ರಾಟದಾರ ಬೇವಿನ ಗಿಡದ ಕೆಳಗೆ ಜೀಪಿಗೆ ಒರಗಿ ಬೀಡಿ ಸೇದುತ್ತಿದ್ದ. ಗದ್ದಲ ಮಾಡಲು ಬಂದಿದ್ದಾರೆ ಎಂದುಕೊಂಡನೋ ಏನೋ, ಮೊದಲೇ ಹೇಳಿದ: "ಅವ್ವಾರ, ಇದು ಬಿಟ್ಟ ಬಿದ್ದ ಹಾದಿ. ನಮಗ ಪರವಾನಗಿ ಐತ್ರಿ." ನೀವು ಜಗಳ ತೆಗೆಯಲಿಲ್ಲ. "ಒಂದ ಗಳಿಗಿ ನಿಂದರ್ರಿ ಸಾಹೇಬ್ರ. ಬಿಟ್ಟೈತೋ ಇಲ್ಲೋ ನೀವ ನೋಡ್ರಿ" ಎಂದು ಅಲ್ಲೇ ಕಲ್ಲಿನ ಮೇಲೆ ಕೂತಿರಿ. ಸ್ವಲ್ಪ ಹೊತ್ತಿಗೆ ಕೆಳಗಿನ ತಿರುವಿನಿಂದ ಹುಡುಗಿಯರು ಬಂದರು. ಎರಡು ಜಡೆ, ಪಾಟೀಚೀಲ, ಮಂಜಿನಲ್ಲಿ ಸೈಕಲ್ಲಿನ ಗಂಟೆ. ಕಿತ್ತ ಕಲ್ಲುಗಳನ್ನು ಕಂಡು ಗುಂಪು ನಿಂತಿತು. ಕಂತ್ರಾಟದಾರ ಬೀಡಿ ಒಗೆದ. "ನನಗ ಕಲ್ಲು ಬೇಕಲ್ರೀ. ರಸ್ತಾ ಹೆಂಗ ಮಾಡ್ಲಿ?" ಎಂದ, ಈಗ ಬೇರೆ ದನಿಯಲ್ಲಿ.

ನೀವು ಎದ್ದು ಕೈ ತೋರಿಸಿದ್ದು ಖಣಿಯ ಕಡೆಗೆ. ಅಲ್ಲಿ ನೆಲಕ್ಕೆ ಹಾಸುವ ಫರಸಿಗೆ ಬಾರದೆ ಉಳಿದ ಒಡಕು ಕಲ್ಲು ಗುಡ್ಡದಂತೆ ಬಿದ್ದಿತ್ತಲ್ಲ. "ಅದನ್ನ ಒಯ್ರಿ. ಅದರಾಗ ನನ್ನ ಮಗ ಒಡದದ್ದೂ ಐತಿ. ಯಾರ ಮನಿಗೂ ಹತ್ತಲಾರದ ಕಲ್ಲು, ಹಾದಿಗಾದ್ರೂ ಹತ್ತಲಿ." ಅವನು ನಿಮ್ಮ ಮುಖ ನೋಡಿದ, ನನ್ನ ಮುಖ ನೋಡಿದ. ನಮ್ಮ ಕತೆ ಅವನಿಗೂ ಗೊತ್ತಿತ್ತೆಂದು ತೋರುತ್ತದೆ. "ಜಲ್ಲಿಗೆ ನಡೀತೈತ್ರಿ ಅವ್ವಾ. ಆದ್ರ ಅಲ್ಲೀತನಾ ಟ್ರ್ಯಾಕ್ಟರ್ ಹೋಗೂದಿಲ್ಲ, ಬರೇ ಕಂಟಿ." "ಹೋಗೂ ಹಂಗ ನಾವು ಮಾಡಿ ಕೊಡ್ತೇವಿ" ಎಂದಿರಿ. ಯಾರು ‘ನಾವು’ ಎಂದು ನನಗೂ ಗೊತ್ತಿರಲಿಲ್ಲ. ಆದರೆ ಮರುದಿನ ಕುಡಗೋಲು ಹಿಡಿದು ನೀವು ಹೊರಟಾಗ ಓಣಿಯ ಹೆಂಗಸರು ಹಿಂದೆ ಬಂದರು, ಹೊಳೆದಂಡೆಯಿಂದ ಹುಡುಗಿಯರ ಅಪ್ಪಂದಿರು ಬಂದರು. ಚನ್ನಪ್ಪ ಕಾಕಾ ಕೊನೆಗೂ ಚಕ್ಕಡಿ ಹೂಡಿದರು, ಕಡಿದ ಕಂಟಿ ಹೇರಲು. ಸಂಜೆಯ ಹೊತ್ತಿಗೆ ಟ್ರ್ಯಾಕ್ಟರಿನ ಹಾದಿ ಆಗಿತ್ತು. ಕಂತ್ರಾಟದಾರ ಮಾತಿಗೆ ತಪ್ಪಲಿಲ್ಲ, ಕಿತ್ತ ಕಲ್ಲುಗಳನ್ನು ತನ್ನ ಆಳುಗಳಿಂದಲೇ ಮತ್ತೆ ಕೂಡಿಸಿಕೊಟ್ಟ.

ಆ ರಸ್ತೆ ಮುಗಿದು ಮೊದಲ ಬಸ್ಸು ಬಂದದ್ದನ್ನು ನೀವು ನೋಡಿದಿರಿ, ಅದೊಂದು ಸಮಾಧಾನ. ಕಾರ್ತಿಕದಲ್ಲಿ ಕೆಮ್ಮು ಹೆಚ್ಚಾಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ನಿಮಗೆ ನಿದ್ದೆ ಬರಲಿಲ್ಲ, "ಮನಿಗೆ ನಡಿ" ಎಂದು ಹಟ ಹಿಡಿದಿರಿ. ಮನೆಗೆ ಬಂದು ಹಿತ್ತಲ ಬಿಸಿಲಿನಲ್ಲಿ ಹಾಸಿಗೆ ಹಾಕಿಸಿಕೊಂಡು, ನುಚ್ಚು ಮಜ್ಜಿಗೆ ಕುಡಿದು, ನನ್ನ ಕೈಯನ್ನು ನಿಮ್ಮ ಎದೆಯ ಮೇಲೆ ಇಟ್ಟುಕೊಂಡು ಮಲಗಿದಿರಿ. ಶಾಲೆ ಬಿಟ್ಟ ಹುಡುಗಿಯರು ಕಣಿವೆ ಇಳಿಯುವ ಹೊತ್ತಿಗೆ ನಿಮ್ಮ ಕೈ ತಣ್ಣಗಾಗಿತ್ತು. ಹೊಲದಲ್ಲಿ ನಿಮ್ಮ ಮಗನ ಮಗ್ಗುಲಲ್ಲೇ ಮಣ್ಣು ಮಾಡಿದೆವು. ಆಮೇಲೆ ಬಹಳ ದಿನ ನಾನು ಬಸ್ಸಿನಲ್ಲೇ ಹೋದೆ. ಒಬ್ಬಳೇ ಆ ದಾರಿಯಲ್ಲಿ…

ಎರಡು ವರ್ಷ ಹಾಗೂ ಹೀಗೂ ಕಳೆಯಿತು. ಈಗ ಆ ಸುದ್ದಿ. ದನದ ದವಾಖಾನೆಯ ಕಂಪೌಂಡರು ಶಿವಬಸಪ್ಪನವರು ನಿಮಗೂ ಗೊತ್ತು, ನಮ್ಮ ಎಮ್ಮೆ ಹೊಟ್ಟೆ ಉಬ್ಬಿ ಬಿದ್ದಾಗ ಬಂದು ಸೂಜಿ ಹಾಕಿದವರು. ಹೊಳೆದಂಡೆಯ ಊರಲ್ಲಿ ಮನೆ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಕಳೆದ ಚಳಿಗಾಲದಲ್ಲಿ ನಾನು ಮತ್ತೆ ಸೈಕಲ್ಲು ಹತ್ತಿದಾಗ ಅವರೂ ಅದೇ ದಾರಿಯಲ್ಲಿ ನಮ್ಮೂರ ಕಡೆ ಬರುತ್ತಿದ್ದರು. ಮೊದಮೊದಲು ಸೇತುವೆಯಲ್ಲಿ ಶರಣು ಎಂದು ದಾಟುತ್ತಿದ್ದೆವು. ಆಮೇಲೆ ನಿಂತು ಮಾತಾಡಿದೆವು, ದನಗಳದ್ದು, ಶಾಲೆಯದ್ದು, ನಿಮ್ಮದು. ಒಂದು ಸಂಜೆ ಅವರು ಸೈಕಲ್ಲಿನಿಂದ ಇಳಿದು, ಹ್ಯಾಂಡಲ್ ಹಿಡಿದುಕೊಂಡೇ, ಊರವರೆಲ್ಲ ಶಾಲೆಯ ಟೀಚರನ್ನು ಕರೆಯುವ ಹಾಗೆಯೇ ಕರೆದು ಕೇಳಿದರು, "ಅಕ್ಕಾರ, ನಾ ಒಂದ ಮಾತ ಕೇಳ್ತೇನಿ. ಬ್ಯಾಡ ಅನಸಿದ್ರ ಇಲ್ಲೇ ಬಿಡೂಣು, ನಾಳಿಂದ ಮದಲಿನ ಹಂಗ ಶರಣು ಅಂದು ಹೋಗೂಣು." ಅತ್ತಿ, ನಾವಿಬ್ಬರೂ ಊರಿನದ್ದೆಲ್ಲ ಮಾತಾಡಿದೆವು, ಇದೊಂದನ್ನು ಮಾತ್ರ ಎಂದೂ ಮಾತಾಡಲಿಲ್ಲ. ನೀವಿದ್ದರೆ ಏನು ಹೇಳುತ್ತಿದ್ದಿರಿ? ನಾನು ವಾರವಿಡೀ ಯೋಚಿಸಿದೆ. ಕಡೆಗೆ ನನ್ನ ಬಾಯಿಂದ ನಾನೇ ಹೂಂ ಎಂದೆ.

ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಿಕಿ ನಮ್ಮಲ್ಲಿ ಹೊಸದೇನಲ್ಲ. ಆದರೆ ಅದನ್ನು ಕತ್ತಲಾದ ಮೇಲೆ, ನಾಲ್ಕು ಜನ ಸೇರಿ ಸದ್ದಿಲ್ಲದೆ ಮುಗಿಸುತ್ತಾರೆ. ನಾನು ಹಗಲಲ್ಲೇ ಆಗಬೇಕೆಂದೆ, ನಿಮ್ಮ ಅಂಗಳದಲ್ಲೇ ಆಗಬೇಕೆಂದೆ. ಮಠದ ಅಯ್ಯನವರು ಒಪ್ಪಿದರು. ಹೋದ ಸೋಮವಾರ ಆಯಿತು. ಅಪ್ಪ ಇಳಕಲ್ಲಿನಿಂದ ತಾವೇ ನೇಯ್ದ ಸೀರೆ ತಂದಿದ್ದರು, ಟೋಪ ತೆನಿ ಸೆರಗು, ದಾಳಿಂಬೆ ಕೆಂಪು. ಹುಡುಗಿಯರೆಲ್ಲ ಬಂದಿದ್ದರು, ಅವರಲ್ಲಿ ಒಬ್ಬಳು ಈಗ ಹುನಗುಂದದಲ್ಲಿ ನರ್ಸು. ಚನ್ನಪ್ಪ ಕಾಕಾ ಬಾಗಿಲಲ್ಲಿ ನಿಂತು ಎಲ್ಲರಿಗೂ ಎಲೆ ಅಡಿಕೆ ಹಂಚಿದರು.

ಅಯ್ಯನವರು ಮಠದ ವಹಿ ಬಿಚ್ಚಿ ಕೂತು, "ಹೆಣ್ಣಿನ ತವರಮನಿ ಯಾವುದು?" ಎಂದು ಕೇಳುತ್ತಾರೆಂದು ನಾನು ನೆನೆಸಿರಲಿಲ್ಲ. ಅಪ್ಪ "ಇಳಕಲ್ಲ" ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ನಾನು ಹೇಳಿದೆ, "ಈ ಮನಿರೀ ಅಯ್ಯನವರ. ಗಂಗವ್ವನ ಮನಿ." ನಾನು ಅಪ್ಪನ ಕಡೆ ನೋಡಲು ಹೆದರಿದೆ. ಆಗ ಅಪ್ಪ ತಮ್ಮ ಮೆಲ್ಲನೆಯ ದನಿಯಲ್ಲೇ, "ಹೌದ್ರಿ. ಆಕಿ ಹೇಳಿದ್ದು ಖರೇ ಐತಿ. ಈ ಮನೀನ ಬರೀರಿ" ಎಂದರು.

ನಾನೀಗ ಹೊಳೆದಂಡೆಯ ಊರಲ್ಲಿದ್ದೇನೆ. ಶಾಲೆ ಮನೆಯ ಮಗ್ಗುಲಲ್ಲೇ, ಸೈಕಲ್ಲು ಬೇಕಾಗುವುದಿಲ್ಲ. ಎಮ್ಮೆಯನ್ನು ಜೊತೆಗೆ ತಂದೆ, ನಿಮ್ಮ ಮನೆಯ ಕೀಲಿಕೈಯನ್ನೂ ತಂದೆ. ಶ್ರಾವಣ ಹತ್ತಿರ ಬಂದಿದೆ. ಇಲ್ಲಿಯ ಸೊಸೆಯಂದಿರು ಈಗಿನಿಂದಲೇ ಚೀಲ ಕಟ್ಟುತ್ತಿದ್ದಾರೆ, ನೀರಿನ ದಾರಿಯಲ್ಲಿ ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ, ಪಂಚಮಿಗೆ ತವರಿಗೆ ಯಾವಾಗ ಹೋಗುತ್ತೀ ಎಂದು. ನಿನ್ನೆ ನನ್ನನ್ನೂ ಕೇಳಿದರು. ಹಿಂದಿನ ದಿನವೇ ಹೋಗುತ್ತೇನೆ ಎಂದೆ. ಬೆಳಿಗ್ಗೆ ಹೊರಟು, ಟ್ರಾಲಿ ದಾರಿ ಹತ್ತಿ, ಹೊತ್ತೇರುವ ಮುಂಚೆ ಬಂದುಬಿಡುತ್ತೇನೆ, ಅತ್ತಿ. ಬಾಗಿಲು ತೆಗೆದು, ಕಸ ಗುಡಿಸಿ, ಒಲೆ ಹೊತ್ತಿಸಿ ಉಂಡಿ ಕಟ್ಟುತ್ತೇನೆ. ನಾಲ್ಕು ದಿನ ಇದ್ದೇ ಹೋಗುತ್ತೇನೆ.

ಶಾಂತಾ